ನಾಲ್ವರ ಪ್ರಾಜೆಕ್ಟು, ಒಬ್ಬಳ ನಿದ್ದೆಗೇಡು

ಗುಂಪು ಪ್ರಾಜೆಕ್ಟಿನ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯ ವಿದ್ಯಾರ್ಥಿಗಳು ಕಳಿಸಿದ ಕೆಲವು ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ. ಬರೆದವರ ಹೆಸರು, ಕಾಲೇಜಿನ ಹೆಸರು ಬೇಕೆಂದೇ ಬಿಟ್ಟಿದ್ದೇವೆ. ಗುಂಪಿನ ಉಳಿದ ಮೂವರೂ ಇದೇ ಪತ್ರಿಕೆ ಓದುತ್ತಾರಲ್ಲ! ಉತ್ತರ ಕೊಟ್ಟವರು ಪ್ರಾಜೆಕ್ಟ್ ಗೈಡ್‌ಗಳಾಗಿರುವ ಅಧ್ಯಾಪಕರು.

ಪ್ರಶ್ನೆ: ನಾವು ನಾಲ್ಕು ಜನ, ಏಳನೇ ಸೆಮಿಸ್ಟರ್ ಎಲೆಕ್ಟ್ರಾನಿಕ್ಸ್. ಸಕಲೇಶಪುರದ ಒಂದು ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆದು ಮೊಬೈಲಿಗೆ ಕಳಿಸುವ ಪ್ರಾಜೆಕ್ಟು. ಸೆನ್ಸರ್ ಒಬ್ಬರು, ವೈಫೈ ಒಬ್ಬರು, ಆ್ಯಪ್ ಒಬ್ಬರು, ರಿಪೋರ್ಟ್ ನಾನು ಎಂದು ಹಂಚಿಕೊಂಡೆವು. ಎಲ್ಲರದ್ದೂ ಬೇರೆ ಬೇರೆಯಾಗಿ ಚೆನ್ನಾಗೇ ನಡೆಯುತ್ತದೆ. ಸೇರಿಸಿದರೆ ಮಾತ್ರ ತೇವದ ಅಂಕಿ ಬರುವುದೇ ಇಲ್ಲ. ಎರಡು ವಾರದಿಂದ ಒಬ್ಬರ ಮೇಲೊಬ್ಬರು ಹಾಕುತ್ತಿದ್ದೇವೆ, ರಾತ್ರಿ ಕೂತು ಜೋಡಿಸುವುದು ಮಾತ್ರ ನಾನು. ರಿವ್ಯೂಗೆ ಹದಿನೈದು ದಿನ ಉಳಿದಿದೆ.
— ವಿದ್ಯಾರ್ಥಿನಿ, ಹಾಸನ

ಉತ್ತರ: ಜಗಳ ಆಮೇಲೆ ಮುಂದುವರಿಸಿ, ಮೊದಲು ಬೋರ್ಡು ನೋಡಿ. ನೀವು ಕಳಿಸಿದ ಫೋಟೋದಲ್ಲಿರುವುದು ವೈಫೈ ಒಳಗೊಂಡ ಸಣ್ಣ ಚಿಪ್ಪಿನ ಬೋರ್ಡು, ಇಎಸ್‌ಪಿ32. ಸೆನ್ಸರಿನ ಹಳದಿ ತಂತಿ 26ನೇ ಪಿನ್ನಿಗೆ ಹೋಗಿದೆ. ತೊಂದರೆ ಇರುವುದು ಅಲ್ಲೇ. ಈ ಚಿಪ್ಪಿನಲ್ಲಿ ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗಗಳು ಎರಡು: ಎಡಿಸಿ1 ಮತ್ತು ಎಡಿಸಿ2. ಎರಡನೆಯದನ್ನು ವೈಫೈ ಕೂಡ ಬಳಸಿಕೊಳ್ಳುತ್ತದೆ. ಹಾಗಾಗಿ ವೈಫೈ ಆನ್ ಆದ ಕೂಡಲೇ ಎಡಿಸಿ2ಕ್ಕೆ ಸೇರಿದ ಪಿನ್ನುಗಳಲ್ಲಿ (0, 2, 4, 12ರಿಂದ 15, 25ರಿಂದ 27) ಸೆನ್ಸರಿನ ಓದು ಸಿಗುವುದಿಲ್ಲ. ತಂತಿಯನ್ನು 34ಕ್ಕೆ ಬದಲಿಸಿ, ಕೋಡಿನಲ್ಲಿ 26 ಇರುವಲ್ಲಿ 34 ಎಂದು ತಿದ್ದಿ. 32, 33, 35 ಕೂಡ ಆಗುತ್ತದೆ. ಯಾವ ಪಿನ್ನಿಗೂ 3.3 ವೋಲ್ಟ್ ಮೀರಿ ಹೋಗದಿರಲಿ. ಐದು ನಿಮಿಷದ ಕೆಲಸ.

ಐದು ನಿಮಿಷದ ಕೆಲಸಕ್ಕೆ ಎರಡು ವಾರ ಏಕೆ ಹಿಡಿಯಿತು ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಸೆನ್ಸರ್ ಹುಡುಗ ಪರೀಕ್ಷಿಸಿದ್ದು ವೈಫೈ ಇಲ್ಲದೆ. ವೈಫೈ ಹುಡುಗಿ ಪರೀಕ್ಷಿಸಿದ್ದು ಸೆನ್ಸರ್ ಇಲ್ಲದೆ, ಕೈಯಲ್ಲೇ ಬರೆದ ಯಾವುದೋ ಅಂಕಿ ಕಳಿಸಿ. ಇಬ್ಬರೂ ಹೇಳಿದ್ದು ನಿಜವೇ, ಇಬ್ಬರ ಕೆಲಸವೂ ಸರಿಯೇ. ಇಬ್ಬರ ಕೆಲಸ ಕೂಡುವ ಜಾಗ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಗುಂಪು ಕೆಲಸ ಕೆಡುವುದು ಹೆಚ್ಚಾಗಿ ಒಬ್ಬೊಬ್ಬರ ಪಾಲಿನೊಳಗಲ್ಲ, ಈ ಕೂಡುಜಾಗಗಳಲ್ಲಿ. ನಾಲ್ಕು ಜನರ ನಡುವೆ ಇಂಥವು ಆರಿವೆ.

ಇವತ್ತೇ ಒಂದು ಹಾಳೆ ತೆಗೆದುಕೊಂಡು ಕೂಡುಪಟ್ಟಿ ಬರೆಯಿರಿ. ಯಾರಿಂದ, ಯಾರಿಗೆ, ಏನು, ಯಾವ ರೂಪದಲ್ಲಿ, ಎಂದು, ಸರಿಯಿದೆ ಎಂದು ತಿಳಿಯುವುದು ಹೇಗೆ ಎಂದು ಆರು ಅಂಕಣ ಸಾಕು. ಮೂರನೆಯದೂ ನಾಲ್ಕನೆಯದೂ ಹೇಗೆ ಬೇರೆ ಎನ್ನುತ್ತೀರಾ? "ತೇವದ ಅಂಕಿ ಕೊಡ್ತೀನಿ" ಎಂದರೆ ಏನು ಎಂಬುದಷ್ಟೇ ಗೊತ್ತಾಗುತ್ತದೆ. ಆದರೆ ಆ ಅಂಕಿ 0ಯಿಂದ 4095ರ ಕಚ್ಚಾ ಓದೋ, ಶೇಕಡಾವಾರೋ? ನಿಮ್ಮ ಕೆಪ್ಯಾಸಿಟಿವ್ ಸೆನ್ಸರ್ ಮಣ್ಣು ಒಣಗಿದ್ದಾಗ ದೊಡ್ಡ ಅಂಕಿ, ಒದ್ದೆಯಾಗಿದ್ದಾಗ ಸಣ್ಣ ಅಂಕಿ ಕೊಡುತ್ತದೆ. ಆ್ಯಪ್ ಬರೆಯುವವರು 'ಅಂಕಿ ಹೆಚ್ಚಿದಷ್ಟೂ ತೇವ ಹೆಚ್ಚು' ಎಂದುಕೊಂಡಿದ್ದರೆ, ಜೋರು ಮಳೆಯ ದಿನ "ಸ್ಪ್ರಿಂಕ್ಲರ್ ಹಾಕಿ" ಎಂದು ತೋಟದ ಯಜಮಾನರಿಗೆ ಸಂದೇಶ ಹೋಗುತ್ತದೆ. ಆದ್ದರಿಂದ ಹೀಗೆ ಬರೆಯಿರಿ: "ಸೆನ್ಸರನ್ನು ಒಣಗಾಳಿಯಲ್ಲಿ ಹಿಡಿದಾಗ 0, ಗೆರೆಯವರೆಗೆ ನೀರಿನಲ್ಲಿ ಅದ್ದಿದಾಗ 100. ಪೂರ್ಣಾಂಕ. 10 ನಿಮಿಷಕ್ಕೊಮ್ಮೆ. ಓದು ಸಿಗದಿದ್ದರೆ ಮೈನಸ್ 1." ಕೊನೆಯ ಮಾತು ಸಣ್ಣದಾಗಿ ಕಾಣುತ್ತದೆ. ಆದರೆ ಓದು ಸಿಗದಾಗ 0 ಕಳಿಸಿದರೆ ಆ್ಯಪಿಗೆ ಅದು ಬರಗಾಲದಂತೆ ಕಾಣುತ್ತದೆ, ತಂತಿ ಕಿತ್ತುಹೋಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಉಳಿದ ಹದಿನೈದು ದಿನದಲ್ಲಿ ಮೊದಲ ಎರಡು ದಿನ ಸೆನ್ಸರನ್ನು ಪಕ್ಕಕ್ಕಿಡಿ. ಬೋರ್ಡಿನಿಂದ ಬರೀ 42 ಎಂಬ ಅಂಕಿ ಹೊರಟು ಮೊಬೈಲಿನ ಪರದೆಯವರೆಗೆ ತಲುಪಲಿ. ತಲುಪಿದ ಮೇಲೆ 42ರ ಜಾಗಕ್ಕೆ ಸೆನ್ಸರ್ ಸೇರಿಸಿ, ಅದು ನಡೆದ ಮೇಲೆ ಎರಡನೇ ಸೆನ್ಸರ್. ಒಂದು ಬಾರಿಗೆ ಒಂದೇ ಬದಲಾವಣೆ. ಬುಧವಾರ, ಶನಿವಾರ ತಲಾ ಮುಕ್ಕಾಲು ಗಂಟೆ ನಾಲ್ವರೂ ಕೂತು ಸೇರಿಸಲೇಬೇಕು. "ನಂದು ಇನ್ನೂ ಪೂರ್ತಿ ಆಗಿಲ್ಲ" ಎಂಬುದು ಗೈರಾಗಲು ಕಾರಣವಲ್ಲ, ಆಗಿದ್ದಷ್ಟನ್ನೇ ಸೇರಿಸಿ. ಸೇರಿಸಿ ನಡೆದಾಗಲೆಲ್ಲ ಕೋಡಿನ ಒಂದು ಪ್ರತಿಯನ್ನು ದಿನಾಂಕ ಹಾಕಿ ಎತ್ತಿಡಿ. ರಿವ್ಯೂ ಹಿಂದಿನ ರಾತ್ರಿ ಒಬ್ಬರಿಗೆ ಒಂದು ಹೊಸ ಉಪಾಯ ಹೊಳೆದೇ ಹೊಳೆಯುತ್ತದೆ. ಎತ್ತಿಟ್ಟ ಪ್ರತಿ ಇದ್ದರೆ ಅದರಿಂದ ಅಪಾಯವಿಲ್ಲ. ಬೋರ್ಡು ಎರಡಿರಲಿ, ಒಂದು ಸುಟ್ಟರೆ ಆ ದಿನ ಹಾಸನದಲ್ಲೇ ಸಿಗುತ್ತದೆ ಎಂಬ ಖಾತ್ರಿ ಬೇಡ.

ತೋಟದ ಬಗ್ಗೆ ಎರಡು ಮಾತು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ಆಗ ಯಜಮಾನರಿಗೂ ರೈಟರಿಗೂ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ನಿಮ್ಮ ಜೊತೆ ನಿಂತು ಮಾತಾಡುವಷ್ಟು ಪುರುಸೊತ್ತು ಇರುವುದಿಲ್ಲ. ಒಬ್ಬರೇ ಒಬ್ಬರು ರೈಟರ ಜೊತೆ ಮಾತಾಡುವವರಾಗಲಿ, ನಾಲ್ವರೂ ಫೋನ್ ಮಾಡಬೇಡಿ. ಸೆನ್ಸರ್ ನೆಟ್ಟ ಗಿಡಕ್ಕೆ ಬಣ್ಣದ ಬಟ್ಟೆ ಕಟ್ಟಿ, ಅದನ್ನು ರೈಟರಿಗೆ ತೋರಿಸಿ ಬನ್ನಿ. ಇಲ್ಲದಿದ್ದರೆ ಕಳೆ ಹೊಡೆಯುವ ದಿನ ತಂತಿ ಎರಡು ತುಂಡು. ಇನ್ನು ತೋಟದೊಳಗೆ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು. ಓದುಗಳನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸುವ ವ್ಯವಸ್ಥೆ ಮಾಡಿ, ನಡೆಯುತ್ತಿರುವಾಗಲೇ ಎರಡು ನಿಮಿಷದ ವಿಡಿಯೋ ತೆಗೆದಿಡಿ.

ಇನ್ನು ನಿಮ್ಮ ಪಾಲು. 'ರಿಪೋರ್ಟ್ ಒಬ್ಬರು' ಎಂಬ ಹಂಚಿಕೆಯೇ ತಪ್ಪು. ಮೂವರು ಮಾಡಿದ್ದನ್ನು ನಾಲ್ಕನೆಯವರು ಊಹಿಸಿ ಬರೆಯುವುದು, ವೈವಾದಲ್ಲಿ ಎಡಿಸಿ ಎಂದರೇನು ಎಂದಾಗ ತಲೆ ತಗ್ಗಿಸುವುದು! ಅವರವರ ಅಧ್ಯಾಯ ಅವರವರೇ ಬರೆಯಲಿ, ಹೊಲಿಯುವುದು ಮಾತ್ರ ನೀವು. ರಾತ್ರಿ ಜೋಡಿಸುವ ಕೆಲಸ ಇಷ್ಟು ದಿನ ನಿಮ್ಮ ಪಾಲಿಗೆ ಬಂದಿದ್ದೂ ಅದು ಯಾರ ಪಾಲೂ ಆಗಿಲ್ಲದ್ದರಿಂದಲೇ. ಅದನ್ನೂ ಪಟ್ಟಿಯಲ್ಲಿ ಹೆಸರು ಹಾಕಿ ಬರೆಯಿರಿ.

ಪ್ರಶ್ನೆ: ಅಯ್ಯನಕೆರೆಯ ನೀರಾವರಿ ಬಗ್ಗೆ ಐದು ಜನ ಸೇರಿ ಕನ್ನಡದಲ್ಲಿ ವರದಿ ಬರೆಯುತ್ತಿದ್ದೇವೆ. ಇಬ್ಬರು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ, ಮೂವರು ಮೊಬೈಲಿನಲ್ಲಿ. ಒಂದೇ ಫೈಲಿಗೆ ಹಾಕಿದರೆ ಎರಡು ಅಧ್ಯಾಯ ಚಿತ್ರಲಿಪಿಯ ಹಾಗೆ ಕಾಣುತ್ತದೆ. ಫಾಂಟ್ ಬದಲಿಸಿದರೆ ಉಳಿದ ಮೂರು ಕೆಡುತ್ತದೆ.
— ಬಿ.ಎ. ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದಂಥವು. ಫಾಂಟ್ ತೆಗೆದರೆ ಒಳಗಿರುವ ಇಂಗ್ಲಿಷ್ ಚಿಹ್ನೆಗಳು ಹೊರಬೀಳುತ್ತವೆ. ಮೊಬೈಲಿನದು ಯೂನಿಕೋಡ್, ಅಲ್ಲಿ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇದೆ. ಎರಡನ್ನೂ ಫಾಂಟ್ ಬದಲಿಸಿ ಹೊಂದಿಸಲು ಆಗುವುದಿಲ್ಲ. ನುಡಿಯ ಅಧ್ಯಾಯಗಳನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಕ್ರಮ ಮುಖ್ಯ. ಒಟ್ಟು ಫೈಲಿಗೆ ಹಾಕಿದ ಮೇಲಲ್ಲ, ಹಾಕುವ ಮೊದಲು, ಒಂದೊಂದು ಅಧ್ಯಾಯವನ್ನೂ ಬೇರೆಯಾಗಿ ಪರಿವರ್ತಿಸಿ. ಅಧ್ಯಾಯದ ಒಳಗೆ ನಿಜವಾದ ಇಂಗ್ಲಿಷ್ ಪದ, ಮಿಂಚಂಚೆ ವಿಳಾಸ, ಸೂತ್ರ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದೇ ತಿಳಿದು ಕಲಸಿಬಿಡುತ್ತದೆ. ಮೊದಲೇ ಅವನ್ನು ತೆಗೆದು ಆ ಜಾಗದಲ್ಲಿ ಮೂರು ನಕ್ಷತ್ರ ಹಾಕಿ, ಆಮೇಲೆ ತುಂಬಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಎರಡೆರಡು ಒತ್ತು ಬರುವ ಪದ (ರಾಷ್ಟ್ರ, ಶಾಸ್ತ್ರ) ಇರುವ ಕಡೆ ಕಣ್ಣಾಡಿಸಿ, ಕೆಡುವುದಿದ್ದರೆ ಅಲ್ಲೇ. ಇಡೀ ಫೈಲ್ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಹುಡುಕುವ ಪೆಟ್ಟಿಗೆಯಲ್ಲಿ ಯೂನಿಕೋಡ್ ಕೀಲಿಯಿಂದ 'ಕೆರೆ' ಎಂದು ಹೊಡೆಯಿರಿ. ಕೆರೆಯ ಬಗ್ಗೆಯೇ ಇರುವ ಅಧ್ಯಾಯದಲ್ಲಿ ಒಂದೂ ಸಿಗದಿದ್ದರೆ ಅದು ಇನ್ನೂ ಹಳೆಯ ನುಡಿಯಲ್ಲೇ ಕೂತಿದೆ.

ಲಿಪಿಯ ತೊಂದರೆ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಹೇಗೋ ಸರಿಹೋಗುತ್ತದೆ. ಕಣ್ಣಿಗೆ ಕಾಣದೆ ಉಳಿಯುವವು ಬೇರೆ ಇವೆ. ನೀವು ಕಳಿಸಿದ ಪುಟಗಳಲ್ಲಿ ಒಬ್ಬರು 'ಏರಿ' ಎಂದಿದ್ದಾರೆ, ಒಬ್ಬರು 'ಕಟ್ಟೆ', ಇನ್ನೊಬ್ಬರು 'ಬಂಡ್'. ಮೂರೂ ಒಂದೇ ಎಂದು ನಿಮಗೆ ಗೊತ್ತು, ಓದುವ ಪರೀಕ್ಷಕರಿಗೆ ಮೂರು ಬೇರೆ ವಸ್ತು. ಏರಿ, ತೂಬು, ಕೋಡಿ, ಅಚ್ಚುಕಟ್ಟು: ಇಂಥ ಹದಿನೈದು ಇಪ್ಪತ್ತು ಪದಗಳ ಪಟ್ಟಿ ಮಾಡಿ, ಯಾವುದನ್ನು ಬಳಸುವುದೆಂದು ಒಪ್ಪಿಕೊಳ್ಳಿ. ಎರಡನೇ ಅಧ್ಯಾಯದಲ್ಲಿ ಜಮೀನು ಹೆಕ್ಟೇರಿನಲ್ಲಿದೆ, ನಾಲ್ಕರಲ್ಲಿ ಎಕರೆ-ಗುಂಟೆಯಲ್ಲಿದೆ. ಒಂದು ಹೆಕ್ಟೇರಿಗೆ 2.47 ಎಕರೆ, ಒಂದು ಎಕರೆಗೆ 40 ಗುಂಟೆ. 3 ಎಕರೆ 20 ಗುಂಟೆಯನ್ನು ಯಾರೋ 3.20 ಎಂದು ಕೋಷ್ಟಕಕ್ಕೆ ಹಾಕಿದ್ದಾರೆ, ಅದು 3.50 ಆಗಬೇಕು. ಈ ತಪ್ಪು ಒಟ್ಟು ಮೊತ್ತದಲ್ಲಿ ಸೇರಿಹೋದರೆ ಹುಡುಕುವುದು ಕಷ್ಟ.

ಫೈಲಿಗೆ 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಎಂಬ ಹೆಸರು ನಿಲ್ಲಿಸಿ. ಅಧ್ಯಾಯದ ಸಂಖ್ಯೆ, ತಿಂಗಳು, ತಾರೀಖು, ಅಷ್ಟೆ. ಗೂಗಲ್ ಡಾಕ್ಸ್‌ನಲ್ಲಿ ಬರೆಯುವುದಾದರೆ ಬೇರೆಯವರ ಅಧ್ಯಾಯವನ್ನು ನೇರವಾಗಿ ತಿದ್ದಬೇಡಿ, 'ಸಜೆಸ್ಟಿಂಗ್' (ಸಲಹೆ ಕೊಡುವ) ಮೋಡ್‌ಗೆ ಹಾಕಿಕೊಂಡು ತಿದ್ದಿ. ಒಪ್ಪುವುದು ಬಿಡುವುದು ಬರೆದವರಿಗೆ ಸೇರಿದ್ದು. ಅಳಿಸಿಹೋದದ್ದು ಅದರ ಆವೃತ್ತಿ ಇತಿಹಾಸದಲ್ಲಿ ಸಿಗುತ್ತದೆ, ಗಾಬರಿ ಬೇಡ.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ಇನ್ನೂರು ಮೆಸೇಜು. ಕೊನೆಗೆ ಏನು ತೀರ್ಮಾನ ಆಯಿತು ಎಂದು ಯಾರಿಗೂ ಗೊತ್ತಿಲ್ಲ. ಇಬ್ಬರು ಹಾಸ್ಟೆಲ್, ಉಳಿದವರು ಕಡೂರು, ಮೂಡಿಗೆರೆಯಿಂದ ಬಸ್ಸಿನಲ್ಲಿ ಬರುವವರು. ಎಲ್ಲರೂ ಒಟ್ಟಿಗೆ ಸಿಗುವುದೇ ಇಲ್ಲ.
— ಚಿಕ್ಕಮಗಳೂರು

ಉತ್ತರ: ಹರಟೆಗೆ ಒಂದು ಗುಂಪು, ತೀರ್ಮಾನಕ್ಕೆ ಇನ್ನೊಂದು. ಎರಡನೆಯದರಲ್ಲಿ ಗುಡ್ ಮಾರ್ನಿಂಗ್, ಮೀಮ್, ಹುಟ್ಟುಹಬ್ಬ ಯಾವುದೂ ಇಲ್ಲ. ಅಲ್ಲಿ ಬರುವ ಪ್ರತಿ ಸಾಲಿನಲ್ಲೂ ಒಬ್ಬರ ಹೆಸರು, ಒಂದು ಕೆಲಸ, ಒಂದು ದಿನ ಮತ್ತು ಗಂಟೆ ಇರಬೇಕು. "ಪ್ರಶ್ನಾವಳಿ ಬೇಗ ಮುಗಿಸೋಣ" ಎಂಬುದು ತೀರ್ಮಾನವಲ್ಲ, ಹಾರೈಕೆ. ವಾಟ್ಸಾಪಿನಲ್ಲಿ ಮೂರು ಸಂದೇಶಗಳನ್ನು ಮೇಲೆ ಪಿನ್ ಮಾಡಿಡಬಹುದು, ಹೆಚ್ಚೆಂದರೆ 30 ದಿನ ನಿಲ್ಲುತ್ತದೆ. ಈ ವಾರದ ಕೆಲಸದ ಪಟ್ಟಿ, ಫೈಲುಗಳಿರುವ ಡ್ರೈವ್ ಕೊಂಡಿ, ಮುಂದಿನ ರಿವ್ಯೂ ದಿನಾಂಕ, ಈ ಮೂರಕ್ಕೆ ಅದು ಸರಿಹೋಗುತ್ತದೆ.

ನಮ್ಮ ಕಡೆಯ ಮೂರು ಮಾತುಗಳ ಬಗ್ಗೆ ಎಚ್ಚರ ಇರಲಿ. "ನೋಡೋಣ" ಎಂದರೆ ಬೇಡ ಎಂದು ಮುಖದ ಮೇಲೆ ಹೇಳಲಾಗದ್ದು. "ಮಾಡ್ತೀನಿ ಬಿಡು" ಎಂದರೆ ಯಾವಾಗ ಎಂದು ಕೇಳಬೇಡ ಎಂದು. "ಆಯ್ತು ಅಂದ್ಕೋ" ಎಂದರೆ ಆಗಿಲ್ಲ. ಕೇಳಿದ ಕೂಡಲೇ ಕೆದಕಬೇಡಿ, ಆದರೆ "ಎಲ್ಲಿಯವರೆಗೆ ಆಗಿದೆ? ಇರೋಷ್ಟು ಕಳಿಸು" ಎಂದು ಒಂದು ಸಾಲು ಹಾಕಿ. ಇನ್ನು ಹೆಬ್ಬೆರಳಿನ ಚಿಹ್ನೆ. ಒಬ್ಬರಿಗೆ ಅದು 'ಓದಿದೆ', ಇನ್ನೊಬ್ಬರಿಗೆ 'ಒಪ್ಪಿದೆ', ಮತ್ತೊಬ್ಬರಿಗೆ 'ನಾನೇ ಮಾಡ್ತೀನಿ'. ಕೆಲಸ ಒಪ್ಪಿಕೊಂಡವರು ಅದನ್ನು ತಮ್ಮ ಮಾತಲ್ಲಿ ತಿರುಗಿ ಬರೆಯಲಿ: "ಶುಕ್ರವಾರ ಸಂಜೆ 6ಕ್ಕೆ ಮುಂಚೆ 20 ಪ್ರಶ್ನೆ ಟೈಪ್ ಮಾಡಿ ಡ್ರೈವ್‌ಗೆ ಹಾಕ್ತೀನಿ." ತಪ್ಪು ತಿಳಿದಿದ್ದರೆ ಆ ಸಾಲಿನಲ್ಲೇ ಬಯಲಾಗುತ್ತದೆ. ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವವರು ಕೆಳಗೆ ಒಂದು ಸಾಲು ಬರೆಯಲಿ. ಬಸ್ಸಿನ ಗದ್ದಲದಲ್ಲಿ ಅದನ್ನು ಯಾರೂ ಪೂರ್ತಿ ಕೇಳುವುದಿಲ್ಲ.

ಸೇರುವುದಕ್ಕೆ ವಾರದಲ್ಲಿ ಒಂದೇ ದಿನ, ಪ್ರತಿ ವಾರ ಒಂದೇ ಹೊತ್ತಿಗೆ, ಬರೀ 25 ನಿಮಿಷ. ಎಲ್ಲರಿಗಿಂತ ಬೇಗ ಬಸ್ ಹಿಡಿಯಬೇಕಾದವರ ಸಮಯಕ್ಕೆ ಹೊಂದಿಸಿ, ಹಾಸ್ಟೆಲ್ಲಿನವರ ಅನುಕೂಲಕ್ಕಲ್ಲ. ಮೊದಲ ಹತ್ತು ನಿಮಿಷ ಪ್ರತಿಯೊಬ್ಬರೂ ಆಗಿದ್ದನ್ನು ತೋರಿಸಲಿ, ಹೇಳುವುದಲ್ಲ. ಮುಂದಿನ ಹತ್ತು ನಿಮಿಷ ಎಲ್ಲಿ ಸಿಕ್ಕಿಕೊಂಡಿದೆ ಎಂಬುದಕ್ಕೆ. ಕೊನೆಯ ಐದು ನಿಮಿಷದಲ್ಲಿ ಒಬ್ಬರು ಮುಂದಿನ ವಾರದ ಪಟ್ಟಿ ಬರೆದು ಅಲ್ಲೇ ಗುಂಪಿಗೆ ಹಾಕಲಿ. ಬರೆಯುವವರು ವಾರ ವಾರ ಬದಲಾಗಲಿ. ಇದು ಯಾವಾಗಲೂ ಗುಂಪಿನ ಹುಡುಗಿಯ ತಲೆಗೇ ಬರುತ್ತದೆ, ಹಾಗಾಗಬಾರದು.

ಪ್ರಶ್ನೆ: ನಮ್ಮಲ್ಲೊಬ್ಬ ಏನೂ ಮಾಡುವುದಿಲ್ಲ. ಅವನದೂ ನನ್ನದೂ ಒಂದೇ ಊರು, ಆಲೂರಿನ ಹತ್ತಿರ. ಮನೆಯವರಿಗೂ ಪರಿಚಯ. ಗೈಡ್‌ಗೆ ಹೇಳಿದರೆ ಸ್ನೇಹ ಕೆಡುತ್ತದೆ, ಹೇಳದಿದ್ದರೆ ಅವನ ಕೆಲಸವೂ ನನ್ನ ತಲೆಗೆ.
— ಹಾಸನ

ಉತ್ತರ: ಹೇಳುವ ಮೊದಲು ಒಂದು ಪ್ರಶ್ನೆ: ಅವನ ಕೆಲಸ ಏನು ಎಂದು ಎಲ್ಲಾದರೂ ಬರೆದಿದೆಯೇ? ನೀವು ಕಳಿಸಿದ ಹಂಚಿಕೆಯಲ್ಲಿ ಅವನ ಹೆಸರಿನ ಮುಂದೆ 'ಡೇಟಾ ನೋಡಿಕೊಳ್ಳುವುದು' ಎಂದಿದೆ. ಇದನ್ನು ಯಾರು ತಾನೇ ಹೇಗೆ ಮಾಡಬೇಕು!

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಒಬ್ಬನೇ ಎಳೆದಾಗಿನ ಬಲಕ್ಕೆ ಹೋಲಿಸಿದರೆ ಎಂಟು ಜನ ಸೇರಿ ಎಳೆದಾಗ ತಲಾ ಬಲ ಸುಮಾರು ಅರ್ಧಕ್ಕೆ ಇಳಿದಿತ್ತು. ಕಾರಣ ಸೋಮಾರಿತನ ಒಂದೇ ಅಲ್ಲ; ಎಲ್ಲರೂ ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿಗೆ ಎಳೆಯದೆ ಬಲ ಪೋಲಾಗುವುದೂ ಇದೆ. ತೇರಿನ ಹಗ್ಗ ಹಿಡಿದವರನ್ನು ನೋಡಿದ್ದೀರಲ್ಲ, ಕೈ ಇಟ್ಟವರೆಲ್ಲ ಎಳೆಯುತ್ತಿರುವುದಿಲ್ಲ. ಯಾರು ಎಳೆದರು, ಯಾರು ಬರೀ ಹಿಡಿದರು ಎಂದು ಕಾಣುವುದೂ ಇಲ್ಲ. ನಿಮ್ಮ ಗುಂಪಿನಲ್ಲಿ ಅವನ ಪಾಲು ಬೇರೆಯಾಗಿ ಕಾಣುವಂತೆ ಮಾಡುವುದು ಮೊದಲ ಕೆಲಸ.

ಅವನೊಬ್ಬನನ್ನೇ ಕರೆದು ಮಾತಾಡಿ, ಗುಂಪಿನಲ್ಲಿ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ. "ನೀನು ಯಾವತ್ತೂ ಏನೂ ಮಾಡಲ್ಲ" ಎಂದು ಶುರು ಮಾಡಿದರೆ ಅವನು ಮಾಡಿದ ಒಂದು ಕೆಲಸ ನೆನಪಿಸಿ ಗೆಲ್ಲುತ್ತಾನೆ. ಆಗಿದ್ದನ್ನಷ್ಟೇ ಹೇಳಿ: "ಲೋ, 10ನೇ ತಾರೀಖಿಗೆ ಅಂತ ಇದ್ದ ಕೋಷ್ಟಕ ಇನ್ನೂ ಬಂದಿಲ್ಲ ಕಣೋ. ಅದು ಬರದೆ ನಾನು ಗ್ರಾಫ್ ಹಾಕೋಕಾಗಲ್ಲ. ಏನು ತೊಂದರೆ ಆಗಿದೆ ಹೇಳು." ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿರಬಹುದು, ಸಂಜೆ ಅಂಗಡಿ ಕೆಲಸ ಇರಬಹುದು, ಎಕ್ಸೆಲ್ ಬರುವುದಿಲ್ಲ ಎಂದು ಹೇಳಲು ನಾಚಿಕೆ ಇರಬಹುದು. ಏನೇ ಇದ್ದರೂ ಎರಡು ದಿನದಲ್ಲಿ ಮುಗಿಯುವ ಸಣ್ಣ ಕೆಲಸ ಕೊಡಿ: 40 ಪ್ರಶ್ನಾವಳಿಯ ಉತ್ತರಗಳನ್ನು ಹಾಳೆಗೆ ಏರಿಸುವುದು, ಮೊದಲ ಐದನ್ನು ಜೊತೆಯಲ್ಲೇ ಕೂತು ಮಾಡಿ ತೋರಿಸಿ. ಅದೂ ಬರದಿದ್ದರೆ ಇನ್ನೊಂದು ಬಾರಿ, ಈ ಸಲ ಉಳಿದವರ ಎದುರು. ಮೂರನೆಯ ಬಾರಿಗೆ ಗೈಡ್. "ಸರ್, ಅವನು ಸರಿಯಿಲ್ಲ" ಎಂದಲ್ಲ. ಯಾರ ಕೆಲಸ ಏನು, ಎಂದಿಗೆ ಇತ್ತು, ಏನು ಬಂತು ಎಂಬ ಪಟ್ಟಿ ಹಿಡಿದು, ರಿವ್ಯೂಗೆ ಮೂರು ವಾರ ಮೊದಲು. ಅಂಕ ಬಂದ ಮೇಲೆ ಹೇಳುವುದು ಚಾಡಿಯಾಗುತ್ತದೆ, ಮೊದಲೇ ಹೇಳುವುದು ಸಹಾಯ ಕೇಳಿದ ಹಾಗೆ. "ಶುಕ್ರವಾರ ಗೈಡ್ ಹತ್ರ ಮಾತಾಡ್ತೀವಿ, ನೀನೂ ಬಾ" ಎಂದು ಅವನಿಗೂ ತಿಳಿಸಿ ಹೋಗಿ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಪತ್ರದಲ್ಲಿ ಎರಡು ಕಡೆ "ಅವನು ಮಾಡಿದ್ದು ಚೆನ್ನಾಗಿರಲಿಲ್ಲ, ನಾನೇ ಮತ್ತೆ ಮಾಡಿದೆ" ಎಂದಿದ್ದೀರಿ. ಹಾಗೆ ಎರಡು ಬಾರಿ ಆದವನು ಮೂರನೇ ಬಾರಿ ಕೈ ಹಾಕುವುದಿಲ್ಲ. ತಪ್ಪನ್ನು ಗುರುತು ಮಾಡಿ ಅವನಿಗೇ ವಾಪಸು ಕೊಡಿ. ಒಂದು ದಿನ ತಡವಾಗುತ್ತದೆ, ಆಗಲಿ.

ಪ್ರಶ್ನೆ: ಬೇಲೂರು ಮತ್ತು ಹಳೇಬೀಡಿಗೆ ಬರುವ ಪ್ರವಾಸಿಗರ ಸಮೀಕ್ಷೆ. ಹತ್ತು ಜನರ ಗುಂಪು. ಎರಡೂ ಊರಿನ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ.
— ಬೇಲೂರು

ಉತ್ತರ: ಹತ್ತು ಜನರಲ್ಲಿ ಇಬ್ಬಿಬ್ಬರ ನಡುವಿನ ದಾರಿಗಳನ್ನು ಎಣಿಸಿದರೆ 45. ಎಲ್ಲರೂ ಎಲ್ಲರ ಜೊತೆ ಮಾತಾಡಿ ಹೊಂದಿಸಲು ಸಾಧ್ಯವಿಲ್ಲ. ಬೇಲೂರಿಗೆ ನಾಲ್ವರು, ಹಳೇಬೀಡಿಗೆ ನಾಲ್ವರು, ಅಂಕಿ ಜೋಡಿಸಲು ಇಬ್ಬರು ಎಂದು ಒಡೆಯಿರಿ. ಒಂದೊಂದು ತಂಡದಿಂದ ಒಬ್ಬರು ಮಾತ್ರ ಇನ್ನೊಂದು ತಂಡದ ಜೊತೆ ಮಾತಾಡಲಿ.

ನೀವು ಕೊಟ್ಟ ವಿವರ ನೋಡಿದರೆ ಬೇಲೂರಿನ ತಂಡ ಭಾನುವಾರ ಹೋಗಿದೆ, ಹಳೇಬೀಡಿನದು ಬುಧವಾರ. ಭಾನುವಾರದ ಜನವೇ ಬೇರೆ. ಅಲ್ಲದೆ ಬೇಲೂರಿನಲ್ಲಿ ನಿತ್ಯಪೂಜೆ ಇದೆ, ಚೆನ್ನಕೇಶವನಿಗೆ ಹಣ್ಣುಕಾಯಿ ಮಾಡಿಸಲು ಬಂದವರನ್ನೂ ಶಿಲ್ಪ ನೋಡಲು ಬಂದವರನ್ನೂ ನೀವು ಒಂದೇ ಸಾಲಿಗೆ ಹಾಕಿದ್ದೀರಿ. 'ಯಾಕೆ ಬಂದಿರಿ' ಎಂಬುದು ಮೊದಲ ಪ್ರಶ್ನೆಯಾಗಲಿ. ಎರಡೂ ತಂಡ ಒಂದೇ ವಾರದ ಒಂದು ರಜಾದಿನ, ಒಂದು ಕೆಲಸದ ದಿನ, ಒಂದೇ ಗಂಟೆಗಳಲ್ಲಿ ಕೇಳಲಿ.

ಕೇಳುವ ಮಾತು ಅಕ್ಷರಶಃ ಒಂದೇ ಇರಬೇಕು. ಒಬ್ಬರು "ಇಲ್ಲಿನ ಸೌಲಭ್ಯ ಹೇಗಿದೆ?" ಎಂದು, ಇನ್ನೊಬ್ಬರು "ಶೌಚಾಲಯ ಸರಿಯಿಲ್ಲ ಅಲ್ವಾ?" ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಹೊರಡುವ ಮೊದಲು ಹತ್ತು ಜನರ ಮೇಲೆ ಪ್ರಯೋಗ ಮಾಡಿ, ತಡವರಿಸಿದ ಪ್ರಶ್ನೆಗಳನ್ನು ತಿದ್ದಿ. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಗೊತ್ತೇ ಎಂಬ ಪ್ರಶ್ನೆ ಕೊನೆಗಿರಲಿ. ಅದನ್ನು ಮೊದಲೇ ಕೇಳಿದರೆ ಉಳಿದ ಉತ್ತರಗಳೆಲ್ಲ ಹೊಗಳಿಕೆಯ ಕಡೆ ವಾಲುತ್ತವೆ.

ಪ್ರಶ್ನೆ: ಗೈಡ್ ಮೆಸೇಜಿಗೆ ಉತ್ತರಿಸುವುದೇ ಇಲ್ಲ. ನಾಲ್ವರೂ ಕಳಿಸಿ ನೋಡಿದೆವು.
— ಹಾಸನ

ಉತ್ತರ: ನಾಲ್ವರೂ ಕಳಿಸಿದ್ದೇ ಒಂದು ಕಾರಣ ಇರಬೇಕು. ಒಬ್ಬರೇ ಕಳಿಸಿ. "ನಮಸ್ತೆ ಸರ್, ಪ್ರಾಜೆಕ್ಟ್ ಬಗ್ಗೆ ಮಾತಾಡಬೇಕಿತ್ತು" ಎಂಬುದಕ್ಕೆ ಗೈಡ್ ಏನೆಂದು ಉತ್ತರಿಸಬೇಕು? ಒಂದೇ ಪದದಲ್ಲಿ ಉತ್ತರಿಸಬಹುದಾದ ಹಾಗೆ ಕೇಳಿ: "ನಮಸ್ತೆ ಸರ್. ಗುಂಪು 7, ಮಣ್ಣಿನ ತೇವ. ಈ ವಾರ ಎರಡು ಸೆನ್ಸರ್ ಓದು ಬಂದಿದೆ, ಗ್ರಾಫ್ ಲಗತ್ತಿಸಿದ್ದೇವೆ. ಮೂರನೆಯದನ್ನು 15 ಸೆಂಟಿಮೀಟರ್ ಆಳದಲ್ಲಿ ಇಡೋದಾ, 30ರಲ್ಲಾ? ನಮ್ಮ ಅಭಿಪ್ರಾಯ 30. ಗುರುವಾರದೊಳಗೆ ತಿಳಿಸಿದರೆ ಶುಕ್ರವಾರ ತೋಟಕ್ಕೆ ಹೋಗ್ತೀವಿ ಸರ್." ರಾತ್ರಿ ಹತ್ತರ ಮೇಲೆ ಬೇಡ. ಎರಡು ದಿನ ಉತ್ತರ ಬರದಿದ್ದರೆ ಇದನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಸ್ಟಾಫ್ ರೂಮಿಗೆ ಹೋಗಿ. ನಾಲ್ಕು ನಿಮಿಷ ಸಾಕು. ಬಂದು ಹೇಳಿಸಿಕೊಂಡದ್ದನ್ನು ಅದೇ ದಿನ ಮೆಸೇಜಿನಲ್ಲಿ ತಿರುಗಿ ಬರೆದು ಕಳಿಸಿ, ಮುಂದೆ "ನಾನು ಹಾಗೆ ಹೇಳಿರಲಿಲ್ಲ" ಎಂಬುದಕ್ಕೆ ಎಡೆಯಿರುವುದಿಲ್ಲ.

ಪ್ರಶ್ನೆ: ಒಂದು ವಾರ ಉಳಿದಿದೆ, ಕೆಲಸ ಅರ್ಧವೂ ಆಗಿಲ್ಲ. ಬೇರೆ ಸೆಕ್ಷನ್ನಿನ ಇಬ್ಬರು ಸಹಾಯಕ್ಕೆ ಬರುತ್ತೇವೆ ಎನ್ನುತ್ತಿದ್ದಾರೆ. ಕರೆದುಕೊಳ್ಳಬಹುದೇ?
— ಚಿಕ್ಕಮಗಳೂರು

ಉತ್ತರ: ಕೋಡು ಬರೆಯಲು ಬೇಡ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಹೊಸಬರಿಗೆ ವಿವರಿಸಲು ಹಳಬರ ಎರಡು ದಿನ ಹೋಗುತ್ತದೆ, ನಿಮ್ಮ ಬಳಿ ಇರುವುದೇ ಏಳು. ಕರಡು ಓದಿ ತಪ್ಪು ಹುಡುಕುವುದು, ಅಣಕು ವೈವಾ ಕೇಳುವುದು ಇಂಥ ಹೊರಗಿನ ಕೆಲಸ ಕೊಡಿ, ಅದಕ್ಕೂ ಮೊದಲು ಗೈಡ್‌ಗೆ ತಿಳಿಸಿ. ಉಳಿದಂತೆ, ಪ್ರಾಜೆಕ್ಟಿನಲ್ಲಿ ಏನನ್ನು ಕೈಬಿಡಬಹುದು ಎಂದು ಇವತ್ತೇ ಕೂತು ಗೆರೆ ಎಳೆಯಿರಿ. ಪೂರ್ತಿ ನಡೆಯುವ ಎರಡು ಸೌಲಭ್ಯ ತೋರಿಸುವುದು, ಅರ್ಧಕ್ಕೆ ನಿಂತ ಐದಕ್ಕಿಂತ ಮೇಲು.

ಪ್ರಶ್ನೆ: ಖರ್ಚಿನ ಲೆಕ್ಕದಲ್ಲೇ ಮುನಿಸು ಬಂದಿದೆ. ಮುಗಿದ ಮೇಲೆ ಬೋರ್ಡು, ಸೆನ್ಸರ್ ಯಾರಿಗೆ?
— ಹಾಸನ

ಉತ್ತರ: ತಲಾ ಇಷ್ಟು ಎಂದು ಮೊದಲೇ ಒಬ್ಬರ ಬಳಿ ಹಾಕಿ; ಯಾರೋ ಕೊಂಡು ಆಮೇಲೆ ವಸೂಲಿ ಮಾಡುವ ಪದ್ಧತಿ ಬೇಡ. ಬಿಲ್ಲಿನ ಫೋಟೋ ಅದೇ ದಿನ ಗುಂಪಿಗೆ. 300 ರೂಪಾಯಿಗಿಂತ ಹೆಚ್ಚಿನದಕ್ಕೆ ಕೊಳ್ಳುವ ಮೊದಲು ಎಲ್ಲರ ಒಪ್ಪಿಗೆ. ತೋಟಕ್ಕೆ ಹೋಗುವ ಬಸ್ ಚಾರ್ಜು ಗುಂಪಿನ ಖರ್ಚು, ದಾರಿಯಲ್ಲಿ ತಿಂದ ಮಸಾಲೆದೋಸೆ ಅವರವರದು. ಸುಟ್ಟ ಬೋರ್ಡು ಯಾರ ಕೈಯಲ್ಲಿ ಸುಟ್ಟಿದ್ದರೂ ಗುಂಪಿನದೇ, ಇಲ್ಲದಿದ್ದರೆ ಮುಂದೆ ಯಾರೂ ತಂತಿ ಮುಟ್ಟುವುದಿಲ್ಲ. ಮುಗಿದ ಮೇಲೆ ಇಲಾಖೆಗೆ ಒಪ್ಪಿಸಬೇಕೇ ಎಂದು ಗೈಡ್‌ನ ಕೇಳಿ. ಬೇಡ ಎಂದರೆ ಬೇಕಾದವರು ಅರ್ಧ ಬೆಲೆ ಕಟ್ಟಿ ಇಟ್ಟುಕೊಳ್ಳಲಿ, ಆ ಹಣ ನಾಲ್ವರಿಗೂ ಹಂಚಿಹೋಗಲಿ. ಸೆನ್ಸರನ್ನು ಮಣ್ಣಿನಿಂದ ಕಿತ್ತು ತೊಳೆದು ತರಬೇಕಾದವರು ಯಾರು ಎಂಬುದನ್ನೂ ಅದೇ ದಿನ ಬರೆದುಕೊಳ್ಳಿ.